ವಿದ್ಯಾರ್ಥಿಗಳ ಯುದ್ಧವಿರೋಧವೂ ವಿದ್ಯಾಲಯಾಧಿಕಾರಿಗಳ ಧರ್ಮವೂ

(ತಾಂಡ್ಯದಲ್ಲಿ ನೆರೆದ ಉಪಾಧ್ಯಾಯರ ಮತ್ತು ನಾಗರಿಕರ ಸಭೆಯಲ್ಲಿ ಮಾಡಿದ ಭಾಷಣ)



ನಂಜನಗೂಡಿನ ಕಡೆಯವರೂ ತಿರುಮಕೂಡಲು ನರಸೀಪುರದ ಕಡೆಯವರೂ ಇಲ್ಲಿ ಒಟ್ಟುಗೂಡಿದ್ದೀರಿ. ತಾಂಡ್ಯವೆಂದೊಡನೆ ಇಂದಿನವರಿಗೆ ಕಾರ್ಖಾನೆಗಳ ನೆನಪಾಗುವುದು ಸಹಜ. ಆದರೆ ಇದೇ ನಂಜನಗೂಡು ತಾಲ್ಲೂಕಿನ ಬದನವಾಳಿನಲ್ಲಿ ಒಂದು ಕಾಲಕ್ಕೆ ರಾಟೆಯ ಸದ್ದೇ ಊರಿನ ಸದ್ದಾಗಿತ್ತು. ೧೯೨೭ರಲ್ಲಿ ಗಾಂಧೀಜಿಯವರು ಆ ಊರಿಗೆ ಬಂದು ಹೋದರು. ತಗಡೂರು ರಾಮಚಂದ್ರರಾಯರು ಈ ನೆಲದಲ್ಲಿಯೇ ಖಾದಿಯನ್ನೂ ಸತ್ಯಾಗ್ರಹವನ್ನೂ ಜನರಿಗೆ ಕಲಿಸಿದರು. ಅಧಿಕಾರಕ್ಕೆ ವಿನಯದಿಂದ ‘ಇಲ್ಲ’ ಎನ್ನುವ ವಿದ್ಯೆ ಈ ಸೀಮೆಗೆ ಹೊಸತಲ್ಲವೆಂಬುದನ್ನು ನೆನಪಿಸುವುದಕ್ಕಾಗಿ ಇಷ್ಟು ಪೀಠಿಕೆಯನ್ನು ಹಾಕಿದೆವು.

ಇಂದು ನಾವು ಎತ್ತಿಕೊಂಡಿರುವ ವಿಷಯವು ಇದು. ಎಲ್ಲಿಯೋ ಒಂದು ಯುದ್ಧವು ನಡೆಯುತ್ತಿರುತ್ತದೆ. ಅದರ ಸುದ್ದಿಯನ್ನು ಕೇಳಿ ಮನನೊಂದ ವಿದ್ಯಾರ್ಥಿಗಳು ಕಾಲೇಜಿನ ಅಂಗಳದಲ್ಲಿ ಗುಂಪುಗೂಡಿ, ಈ ಕೊಲೆ ನಿಲ್ಲಲಿ ಎಂದು ಕೂಗುತ್ತಾರೆ. ಆಗ ಆ ವಿದ್ಯಾಲಯದ ಪ್ರಿನ್ಸಿಪಾಲರೂ ವೈಸ್ ಛಾನ್ಸಲರರೂ ಏನು ಮಾಡತಕ್ಕದ್ದು? ಬಾಗಿಲು ಮುಚ್ಚಿ ಪೋಲೀಸರನ್ನು ಕರೆಯಬೇಕೇ? ಕಂಡೂ ಕಾಣದಂತೆ ಇರಬೇಕೇ? ಇಲ್ಲವೆ, ಅಂಗಳಕ್ಕೆ ಇಳಿದು ಬಂದು ಆ ಮಕ್ಕಳೊಡನೆ ಮಾತನಾಡಬೇಕೇ?

ಈ ಪ್ರಶ್ನೆಯು ದೊಡ್ಡ ಊರುಗಳ ದೊಡ್ಡ ಮನುಷ್ಯರಿಗೆ ಸೇರಿದ್ದು, ನಮಗೇಕೆ ಎಂದು ತಾವು ಕೇಳಬಹುದು. ತಮ್ಮಲ್ಲಿ ಅನೇಕರ ಮಕ್ಕಳು ಮನೆತನದಲ್ಲಿಯೇ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲನ್ನು ಹತ್ತಿದವರು. ಅಂಥ ಒಬ್ಬ ಹುಡುಗನ ಹೆಸರು ಹಾಜರಿ ಪುಸ್ತಕದಿಂದ ಒಂದು ದಿನ ಅಳಿಸಿ ಹೋದರೆ, ಅವನ ಓದಿಗಾಗಿ ತಂದೆ ಮಾಡಿದ ಸಾಲವೂ ತಾಯಿ ಬಿಟ್ಟ ಊಟವೂ ಒಂದೇ ಸಹಿಯಿಂದ ನೀರುಪಾಲಾಗುತ್ತವೆ. ಆ ಸಹಿಯನ್ನು ಹಾಕುವ ಕೈ ಎಂಥದ್ದಾಗಿರಬೇಕೆಂದು ಕೇಳುವ ಹಕ್ಕು ಎಲ್ಲರಿಗಿಂತ ಮೊದಲು ಹಳ್ಳಿಯ ತಂದೆತಾಯಿಗಳಿಗೆ ಉಂಟು. ಇನ್ನು ಉಪಾಧ್ಯಾಯ ಬಂಧುಗಳಾದರೋ, ಚಿಕ್ಕ ಪ್ರಮಾಣದಲ್ಲಿ ಆ ಸಹಿಯನ್ನು ತಾವೇ ದಿನದಿನವೂ ಹಾಕತಕ್ಕವರು.

ಮೊದಲು ನಮ್ಮ ಮೈಸೂರಿನ ಕಥೆಯನ್ನೇ ನೋಡೋಣ. ೧೯೩೯ನೆಯ ಸೆಪ್ಟೆಂಬರ್ ೩ರಂದು ವೈಸರಾಯ್ ಲಾರ್ಡ್ ಲಿನ್‌ಲಿತ್‌ಗೋ ಅವರು ಈ ದೇಶದ ಪ್ರತಿನಿಧಿಗಳಲ್ಲಿ ಒಬ್ಬರನ್ನೂ ಕೇಳದೆ ಭಾರತವು ಯುದ್ಧದಲ್ಲಿದೆಯೆಂದು ಸಾರಿದರು. ಪ್ರಾಂತಗಳ ಕಾಂಗ್ರೆಸ್ ಮಂತ್ರಿಮಂಡಲಗಳು ರಾಜೀನಾಮೆ ಕೊಟ್ಟವು. ೧೯೪೦ನೆಯ ಅಕ್ಟೋಬರ್ ೧೭ರಂದು ಪವನಾರದಲ್ಲಿ ವಿನೋಬಾ ಭಾವೆಯವರು ಯುದ್ಧಕ್ಕೆ ಜನವನ್ನಾಗಲಿ ಧನವನ್ನಾಗಲಿ ಕೊಡಬಾರದೆಂದು ಬಹಿರಂಗವಾಗಿ ಮಾತನಾಡಿ ವೈಯಕ್ತಿಕ ಸತ್ಯಾಗ್ರಹಕ್ಕೆ ಮೊದಲಿಟ್ಟರು. ಒಬ್ಬೊಬ್ಬರೇ ಎದ್ದು ನಿಂತು, ಯುದ್ಧದ ವಿರುದ್ಧ ಮಾತನಾಡುವ ಹಕ್ಕು ಮನುಷ್ಯನಿಗೆ ಇದೆಯೆಂದು ಹೇಳಿ, ಶಾಂತವಾಗಿ ಸೆರೆಮನೆಗೆ ನಡೆದುದೇ ಆ ಸತ್ಯಾಗ್ರಹದ ಸಾರ. ಬಳಿಕ ೧೯೪೨ನೆಯ ಆಗಸ್ಟ್ ೮ರ ನಿರ್ಣಯವು ಬಂದಿತು. ಮರುದಿನವೇ ನಾಯಕರೆಲ್ಲ ಬಂಧಿತರಾದರು. ಆ ಚಳವಳಿಯು ಎಲ್ಲ ಯುದ್ಧಗಳನ್ನೂ ವಿರೋಧಿಸುವ ಚಳವಳಿಯಾಗಿತ್ತೆಂದು ನಾವು ಹೇಳುವುದಿಲ್ಲ. ಅದು ಸ್ವಾತಂತ್ರ್ಯದ ಚಳವಳಿ. ಆದರೆ ತಮ್ಮ ಒಪ್ಪಿಗೆಯಿಲ್ಲದೆ ತಮ್ಮ ಹೆಸರಿನಲ್ಲಿ ನಡೆಯುತ್ತಿದ್ದ ಯುದ್ಧದ ನಡುವೆ ನಿಂತು, ‘ನಮ್ಮನ್ನು ಕೇಳಿದಿರಾ?’ ಎಂದು ಪ್ರಶ್ನಿಸಿದ ಚಳವಳಿಯೂ ಅದೇ ಆಗಿತ್ತು.

ಮೈಸೂರು ಬೆಂಗಳೂರುಗಳ ವಿದ್ಯಾರ್ಥಿಗಳು ತರಗತಿಗಳನ್ನು ಬಿಟ್ಟು ಬೀದಿಗೆ ಇಳಿದರು. ೧೯೧೬ರಲ್ಲಿ ಸ್ಥಾಪಿತವಾದ ನಮ್ಮ ವಿಶ್ವವಿದ್ಯಾನಿಲಯಕ್ಕೆ ಆಗ ಮಹಾರಾಜರೇ ಛಾನ್ಸಲರರು. ಸಂಸ್ಥಾನವಾದರೋ ಬ್ರಿಟಿಷರ ಯುದ್ಧಪ್ರಯತ್ನದಲ್ಲಿ ಪಾಲುಗೊಂಡಿತ್ತು. ಹೀಗಿರುವಲ್ಲಿ ಕಾಲೇಜಿನ ಅಧಿಕಾರಿಗಳ ಸ್ಥಿತಿಯು ಎಷ್ಟು ಇಕ್ಕಟ್ಟಿನದಾಗಿತ್ತೆಂಬುದನ್ನು ಊಹಿಸಬಹುದು. ಎದುರಿಗೆ ತಾವೇ ಪಾಠ ಹೇಳಿದ ಹುಡುಗರು. ಬೆನ್ನ ಹಿಂದೆ ಸಂಬಳ ಕೊಡುವ ಸರಕಾರ.

ಆ ಹುಡುಗರಲ್ಲಿ ಇಬ್ಬರ ಹೆಸರನ್ನು ಹೇಳುತ್ತೇವೆ. ಮೈಸೂರಿನ ಮಹಾರಾಜಾ ಕಾಲೇಜಿನ ವಿದ್ಯಾರ್ಥಿ ಎಚ್. ವೈ. ಶಾರದಾಪ್ರಸಾದರು ಚಳವಳಿಯ ಮುಂದಾಳಾಗಿ ಸೆರೆಮನೆಯನ್ನು ಸೇರಿದರು. ಹತ್ತೊಂಬತ್ತರ ಹರೆಯದ ಆ ಸೆರೆಯಾಳು ಬರೆದ ದಿನಚರಿಯು ಅವರು ತೀರಿಕೊಂಡ ಮೇಲೆ, ೨೦೧೦ರಲ್ಲಿ, ಪುಸ್ತಕವಾಗಿ ಬೆಳಕು ಕಂಡಿತು. ಸೆರೆಗೆ ಹೋದ ಆ ಹುಡುಗನೇ ಮುಂದೆ ಸ್ವತಂತ್ರ ಭಾರತದ ಪ್ರಧಾನಮಂತ್ರಿಗಳ ಸಮಾಚಾರ ಸಲಹೆಗಾರರಾದರು. ಎರಡನೆಯವರು ಗೌರಿಬಿದನೂರು ಸೀಮೆಯ ಹೊಸೂರಿನ ಬಡ ಮನೆಯಲ್ಲಿ ೧೯೨೦ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಓದುತ್ತಿದ್ದ ಅವರು ೧೯೪೨ರಲ್ಲಿ ಓದನ್ನು ಬಿಟ್ಟು ಚಳವಳಿಗೆ ಧುಮುಕಿದರು, ಸೆರೆಮನೆಗಳನ್ನು ಕಂಡರು. ಬಿಡುಗಡೆಯಾದ ಮೇಲೆ ಮತ್ತೆ ಕಾಲೇಜನ್ನು ಸೇರಿ ಓದನ್ನು ಮುಗಿಸಿದರು. ೧೯೪೬ರಲ್ಲಿ ನ್ಯಾಷನಲ್ ಕಾಲೇಜಿನ ಅಧ್ಯಾಪಕರಾದರು. ೧೯೭೨ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯದ ವೈಸ್ ಛಾನ್ಸಲರರೇ ಆದರು.

ಬಂಧುಗಳೇ, ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಸೆರೆಯಿಂದ ಹೊರಬಂದ ನರಸಿಂಹಯ್ಯನವರಿಗೆ ಕಾಲೇಜಿನ ಬಾಗಿಲು ತೆರೆದೇ ಇದ್ದಿತು. ಅದು ಮುಚ್ಚಿ ಹೋಗಿದ್ದರೆ ಏನಾಗುತ್ತಿತ್ತು? ಕನ್ನಡ ನಾಡು ಒಬ್ಬ ಗುರುವನ್ನೂ, ವಿಜ್ಞಾನದ ಬುದ್ಧಿಯನ್ನು ಮನೆಮನೆಗೆ ಒಯ್ದ ಒಬ್ಬ ಹಿರಿಯನನ್ನೂ ಕಳೆದುಕೊಳ್ಳುತ್ತಿತ್ತು. ಕಳೆದುಕೊಂಡಿದ್ದೇವೆಂಬ ಅರಿವು ಕೂಡ ನಮಗೆ ಆಗುತ್ತಿರಲಿಲ್ಲ. ಹೆಸರು ಹೊಡೆದುಹಾಕಿಸಿಕೊಂಡ ವಿದ್ಯಾರ್ಥಿಯು ಮುಂದೆ ಏನಾಗಬಹುದಾಗಿತ್ತೆಂಬ ಲೆಕ್ಕವನ್ನು ಯಾವ ಕಚೇರಿಯೂ ಇಡುವುದಿಲ್ಲ.

ಅಧಿಕಾರಿಗಳ ಪೈಕಿ ದೊಡ್ಡ ಉದಾಹರಣೆಯು ಕಾಶಿಯದು. ಆದರೆ ಅದರ ಬೇರು ಮೈಸೂರಿನಲ್ಲಿದೆ. ಸರ್ವಪಲ್ಲಿ ರಾಧಾಕೃಷ್ಣನ್ನರು ೧೯೧೮ರಿಂದ ೧೯೨೧ರ ವರೆಗೆ ನಮ್ಮ ಮಹಾರಾಜಾ ಕಾಲೇಜಿನಲ್ಲಿ ತತ್ವಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಅವರು ಕಲ್ಕತ್ತೆಗೆ ಹೊರಟ ದಿನ ವಿದ್ಯಾರ್ಥಿಗಳು ಗಾಡಿಯ ಕುದುರೆಗಳನ್ನು ಬಿಚ್ಚಿ, ಹೂವಿನಿಂದ ಅಲಂಕರಿಸಿದ ಗಾಡಿಯನ್ನು ತಾವೇ ರೈಲು ನಿಲ್ದಾಣದ ವರೆಗೆ ಎಳೆದ ಸಂಗತಿಯನ್ನು ಮೈಸೂರಿನ ಹಿರಿಯರು ಹೇಳುತ್ತ ಬಂದಿದ್ದಾರೆ. ಅದೇ ರಾಧಾಕೃಷ್ಣನ್ನರು ೧೯೪೨ರಲ್ಲಿ ಕಾಶಿ ಹಿಂದೂ ವಿಶ್ವವಿದ್ಯಾನಿಲಯದ ವೈಸ್ ಛಾನ್ಸಲರರು. ಅಲ್ಲಿಯ ವಿದ್ಯಾರ್ಥಿಗಳು ಚಳವಳಿಯ ಮುಂಚೂಣಿಯಲ್ಲಿದ್ದರು. ಸಿಟ್ಟಾದ ಗವರ್ನರ್ ಸರ್ ಮಾರಿಸ್ ಹ್ಯಾಲೆಟ್ಟರು ಆ ವಿದ್ಯಾಕ್ಷೇತ್ರವನ್ನೆಲ್ಲ ಯುದ್ಧದ ಆಸ್ಪತ್ರೆಯನ್ನಾಗಿ ಮಾರ್ಪಡಿಸಲು ಹೊರಟರು. ರಾಧಾಕೃಷ್ಣನ್ನರು ದೆಹಲಿಗೆ ಧಾವಿಸಿದರು. ವೈಸರಾಯರನ್ನೇ ಕಂಡು ವಾದಿಸಿ ಆ ಆಜ್ಞೆಯನ್ನು ತಡೆದರು. ಸರಕಾರದ ಸಹಾಯಧನವು ನಿಂತಾಗ ದಾನಿಗಳ ಮನೆಬಾಗಿಲಿಗೆ ಹೋಗಿ ಹಣವನ್ನು ಕೂಡಿಸಿದರು.

ಈ ಮನುಷ್ಯರು ಚಳವಳಿಗಾರರಲ್ಲ, ವಿದ್ವಾಂಸರು, ಮೃದುಭಾಷಿಗಳು. ಬ್ರಿಟಿಷ್ ಸರಕಾರದಿಂದ ‘ಸರ್’ ಪದವಿಯನ್ನು ಪಡೆದಿದ್ದವರು. ವಿದ್ಯಾರ್ಥಿಗಳು ಮಾಡಿದ್ದೆಲ್ಲವೂ ಸರಿಯೆಂದು ಸಾಧಿಸುವುದಕ್ಕೆ ಅವರು ದೆಹಲಿಗೆ ಹೋಗಲಿಲ್ಲ. ಮಕ್ಕಳ ತಪ್ಪೊಪ್ಪುಗಳ ವಿಚಾರಣೆ ವಿದ್ಯಾಲಯದ ಒಳಗಿನ ಕೆಲಸ, ಸೈನ್ಯದ ಕೆಲಸವಲ್ಲ ಎಂಬುದನ್ನು ತಮ್ಮ ನಡೆಯಿಂದ ತೋರಿಸಿದರು. ಸರಕಾರಕ್ಕೂ ವಿದ್ಯಾರ್ಥಿಗೂ ನಡುವೆ ಗೋಡೆಯಂತೆ ನಿಂತು, ಎರಡು ಕಡೆಯ ಪೆಟ್ಟನ್ನೂ ತಾನು ತಡೆದುಕೊಳ್ಳತಕ್ಕವನೇ ವಿದ್ಯಾಲಯದ ಯಜಮಾನ. ನಾವು ಇಂದು ಹೇಳಬೇಕಾದ ಮಾತೂ ಇದೊಂದೇ. ಉಳಿದದ್ದೆಲ್ಲ ಇದರ ವಿಸ್ತಾರ.

ಈ ಗೋಡೆಯು ಇಲ್ಲದ ಕಡೆ ಏನಾಯಿತೆಂಬುದಕ್ಕೂ ಚರಿತ್ರೆಯಲ್ಲಿ ಸಾಕ್ಷಿಯಿದೆ. ೧೯೦೫ನೆಯ ಅಕ್ಟೋಬರಿನಲ್ಲಿ, ವಂಗಭಂಗದ ವಿರುದ್ಧ ಬಂಗಾಳದ ವಿದ್ಯಾರ್ಥಿಗಳು ಎದ್ದಾಗ, ಅಲ್ಲಿಯ ಸರಕಾರವು ಕಾರ್ಲೈಲ್ ಸುತ್ತೋಲೆಯೆಂದು ಹೆಸರಾದ ಆಜ್ಞೆಯನ್ನು ಹೊರಡಿಸಿತು. ಹುಡುಗರನ್ನು ಹತೋಟಿಯಲ್ಲಿಡದ ಶಾಲೆಗಳ ಸಹಾಯಧನವನ್ನು ನಿಲ್ಲಿಸುವುದಾಗಿಯೂ, ಅಗತ್ಯಬಿದ್ದರೆ ಉಪಾಧ್ಯಾಯರನ್ನೇ ವಿಶೇಷ ಪೋಲೀಸರನ್ನಾಗಿ ನೇಮಿಸುವುದಾಗಿಯೂ ಅದರಲ್ಲಿ ಬೆದರಿಕೆಯಿತ್ತು. ಬೆತ್ತ ಹಿಡಿದ ಮೇಷ್ಟರ ಕೈಗೆ ಲಾಠಿಯನ್ನು ಕೊಡುವ ಯೋಚನೆ! ಫಲವೇನು? ವಿದ್ಯಾರ್ಥಿಗಳು ಅಡಗಲಿಲ್ಲ. ಜನರೇ ಕೂಡಿ ೧೯೦೬ರಲ್ಲಿ ರಾಷ್ಟ್ರೀಯ ಶಿಕ್ಷಣ ಮಂಡಲಿಯನ್ನು ಕಟ್ಟಿದರು. ಸರಕಾರದ ಶಾಲೆಯ ಮೇಲಿನ ನಂಬಿಕೆಯೇ ಸಡಿಲವಾಯಿತು.

ಕನ್ನಡಿಗರು ಹಲವು ಆಡಳಿತಗಳಲ್ಲಿ ಹರಿದು ಹಂಚಿಹೋಗಿದ್ದ ಕಾಲದಲ್ಲಿ ನಮ್ಮ ವಿದ್ಯಾರ್ಥಿಗಳಿಗೆ ಒಬ್ಬ ಯಜಮಾನನಿರಲಿಲ್ಲ. ಮೈಸೂರಿನವನು ಮೈಸೂರಿಗೆ, ಧಾರವಾಡದವನು ಮುಂಬಯಿಗೆ, ಮಂಗಳೂರಿನವನು ಮದರಾಸಿಗೆ, ಕಲಬುರ್ಗಿಯವನು ಹೈದರಾಬಾದಿನ ಉಸ್ಮಾನಿಯಾಕ್ಕೆ ಅಧೀನ. ೧೯೩೮ರಲ್ಲಿ ಉಸ್ಮಾನಿಯಾದ ವಿದ್ಯಾರ್ಥಿಗಳು ತಮ್ಮ ವಸತಿಗೃಹಗಳಲ್ಲಿ ‘ವಂದೇ ಮಾತರಂ’ ಹಾಡುವುದನ್ನು ಅಧಿಕಾರಿಗಳು ನಿಷೇಧಿಸಿದರು. ವಿದ್ಯಾರ್ಥಿಗಳು ಮುಷ್ಕರ ಹೂಡಿದರು. ಕಲಬುರ್ಗಿಯ ಕಾಲೇಜಿಗೂ ಆ ಕಿಡಿ ಹಾರಿತು. ನೂರಾರು ಜನರನ್ನು ಹೊರಗೆ ಹಾಕಲಾಯಿತು. ಆಗ ನಾಗಪುರದ ವಿಶ್ವವಿದ್ಯಾನಿಲಯವು ಅವರಿಗೆ ಬಾಗಿಲನ್ನು ತೆರೆಯಿತು. ಹಾಗೆ ನಾಗಪುರಕ್ಕೆ ಹೋದವರಲ್ಲಿ ಒಬ್ಬರು ಪಿ. ವಿ. ನರಸಿಂಹರಾಯರು, ೧೯೯೧ರಲ್ಲಿ ಭಾರತದ ಪ್ರಧಾನಮಂತ್ರಿಗಳಾದರು. ಒಂದು ವಿದ್ಯಾಪೀಠವು ಹಾಡಿಗೆ ಹೆದರಿತು. ಇನ್ನೊಂದು ಹಾಡಿದವನಿಗೆ ಪಾಠ ಹೇಳಿತು. ಇವೆರಡರಲ್ಲಿ ಯಾವುದು ವಿದ್ಯೆಯ ಕೆಲಸವನ್ನು ಮಾಡಿತೆಂಬುದನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಹೊರ ಪ್ರಪಂಚದ ಕಡೆಗೆ ಕಣ್ಣು ಹಾಯಿಸೋಣ. ಅದರಲ್ಲೂ ಅಮೇರಿಕಾ ದೇಶದ ವಿದ್ಯಾಲಯಗಳಲ್ಲಿ ಯುದ್ಧವಿರೋಧದ ಚರಿತ್ರೆಯು ದೀರ್ಘವಾದದ್ದು. ೧೯೬೫ರಲ್ಲಿ ವಿಯೆಟ್ನಾಮಿನ ಯುದ್ಧವು ಬೆಳೆಯುತ್ತಿದ್ದಾಗ ಮಿಷಿಗನ್ ವಿಶ್ವವಿದ್ಯಾನಿಲಯದ ಅಧ್ಯಾಪಕರು ಒಂದು ದಿನ ಪಾಠವನ್ನು ನಿಲ್ಲಿಸುವುದಾಗಿ ಹೇಳಿದರು. ಪ್ರಾಂತದ ಗವರ್ನರರೂ ಶಾಸಕರೂ ಕೆರಳಿದರು. ಕೊನೆಗೆ ಒಂದು ದಾರಿ ಹೊಳೆಯಿತು. ಪಾಠವನ್ನು ನಿಲ್ಲಿಸುವ ಬದಲು, ಹಗಲಿನ ಪಾಠ ಮುಗಿದ ಮೇಲೆ ರಾತ್ರಿಯಿಡೀ ಯುದ್ಧದ ವಿಷಯವನ್ನೇ ಪಾಠ ಮಾಡುವುದು! ವಿಶ್ವವಿದ್ಯಾನಿಲಯವು ಕೊಠಡಿಗಳನ್ನು ಕೊಟ್ಟಿತು. ವಿದ್ಯಾರ್ಥಿನಿಯರು ರಾತ್ರಿ ಹೊತ್ತಿಗೆ ಸರಿಯಾಗಿ ವಸತಿಗೃಹಕ್ಕೆ ಮರಳಬೇಕೆಂಬ ನಿಯಮವನ್ನು ಆ ರಾತ್ರಿಗೆ ಸಡಿಲಿಸಿತು. ಮಾರ್ಚ್ ೨೪ರ ಆ ರಾತ್ರಿ ಸುಮಾರು ೩,೦೦೦ ಜನರು ಬೆಳಗಿನ ವರೆಗೂ ಕೇಳಿದರು, ವಾದಿಸಿದರು. ಕೆಲವೇ ತಿಂಗಳಲ್ಲಿ ಆ ಪದ್ಧತಿಯು ದೇಶದ ಹತ್ತಾರು ಕಾಲೇಜುಗಳಿಗೆ ಹಬ್ಬಿತು. ವಿರೋಧವನ್ನು ಪಾಠವನ್ನಾಗಿ ಮಾಡಿದ ಈ ಉಪಾಯಕ್ಕಿಂತ ವಿದ್ಯಾಲಯಕ್ಕೆ ಒಪ್ಪುವ ಉತ್ತರವು ಬೇರೆ ಯಾವುದಿದ್ದೀತು?

ಅದೇ ದೇಶದ ಇನ್ನೊಂದು ಚಿತ್ರವನ್ನು ನೋಡಿ. ೧೯೬೮ನೆಯ ಏಪ್ರಿಲಿನಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳು, ತಮ್ಮ ವಿದ್ಯಾಲಯವು ಯುದ್ಧ ಸಂಶೋಧನೆಯ ಸಂಸ್ಥೆಯೊಂದರೊಡನೆ ಇಟ್ಟುಕೊಂಡ ಸಂಬಂಧವನ್ನೂ, ನೆರೆಯ ಬಡವರ ಉದ್ಯಾನದಲ್ಲಿ ವ್ಯಾಯಾಮಶಾಲೆಯನ್ನು ಕಟ್ಟಲು ಹೊರಟುದನ್ನೂ ವಿರೋಧಿಸಿ ಕಟ್ಟಡಗಳನ್ನು ಹಿಡಿದು ಕುಳಿತರು. ಅಧ್ಯಕ್ಷ ಗ್ರೇಸನ್ ಕರ್ಕರು ಪೋಲೀಸರನ್ನು ಕರೆಸಿದರು. ಏಪ್ರಿಲ್ ೩೦ರ ನಸುಕಿನಲ್ಲಿ ಸುಮಾರು ೭೦೦ ಜನರನ್ನು ಬಂಧಿಸಲಾಯಿತು. ಕಟ್ಟಡಗಳೇನೋ ತೆರವಾದವು. ಆದರೆ ಅದುವರೆಗೆ ದೂರ ನಿಂತು ನೋಡುತ್ತಿದ್ದ ವಿದ್ಯಾರ್ಥಿಗಳೂ ಅಧ್ಯಾಪಕರೂ ಮುಷ್ಕರಕ್ಕೆ ಸೇರಿದರು. ಅದೇ ಆಗಸ್ಟಿನಲ್ಲಿ ಕರ್ಕರು ಅಧಿಕಾರವನ್ನು ಬಿಟ್ಟರು.

ಮುಂದಿನದು ಇದಕ್ಕಿಂತ ಘೋರವಾದದ್ದು. ೧೯೭೦ನೆಯ ಏಪ್ರಿಲ್ ೩೦ರಂದು ಯುದ್ಧವು ಕಾಂಬೋಡಿಯಕ್ಕೂ ಹಬ್ಬಿತೆಂಬ ಸುದ್ದಿ ಬಂದಿತು. ಒಹಾಯೋ ಪ್ರಾಂತದ ಕೆಂಟ್ ವಿದ್ಯಾಲಯದಲ್ಲಿ ಗಲಭೆಯಾಯಿತು. ಒಂದು ಕಟ್ಟಡಕ್ಕೆ ಬೆಂಕಿಯೂ ಬಿದ್ದಿತು. ಪ್ರಾಂತದ ಸೈನ್ಯವು ಬಂದಿಳಿಯಿತು. ಮೇ ೪ರ ಮಧ್ಯಾಹ್ನ ೧೩ ಸೆಕೆಂಡುಗಳಲ್ಲಿ ೬೭ ಗುಂಡುಗಳು ಹಾರಿದವು. ೪ ವಿದ್ಯಾರ್ಥಿಗಳು ಸತ್ತರು, ೯ ಜನರು ಗಾಯಗೊಂಡರು. ಸತ್ತವರಲ್ಲಿ ಇಬ್ಬರು ಪ್ರತಿಭಟನೆಗೆ ಸೇರಿದವರೇ ಅಲ್ಲ. ಒಂದು ತರಗತಿಯಿಂದ ಇನ್ನೊಂದಕ್ಕೆ ಹೋಗುತ್ತಿದ್ದವರು. ವಿದ್ಯಾಲಯದ ಯಜಮಾನನ ಕೈಯಿಂದ ಅಂಗಳವು ಒಮ್ಮೆ ಜಾರಿತೆಂದರೆ ಅಲ್ಲಿ ಏನು ನಡೆಯುವುದೆಂಬುದು ಅವನ ಇಚ್ಛೆಗೆ ಸೇರಿದ್ದಲ್ಲ.

ಐವತ್ತು ವರುಷ ಕಳೆದರೂ ಪಾಠವು ಪೂರ್ತಿಯಾಗಿ ಮನದಟ್ಟಾಗಿಲ್ಲವೆಂಬುದಕ್ಕೆ ೨೦೨೪ರ ಏಪ್ರಿಲ್ ಸಾಕ್ಷಿ. ಗಾಜಾದ ಯುದ್ಧವನ್ನು ವಿರೋಧಿಸಿ ಅದೇ ಕೊಲಂಬಿಯಾದ ಹುಲ್ಲುಹಾಸಿನ ಮೇಲೆ ವಿದ್ಯಾರ್ಥಿಗಳು ಡೇರೆಗಳನ್ನು ಹಾಕಿದರು. ಮರುದಿನವೇ, ಏಪ್ರಿಲ್ ೧೮ರಂದು, ಪೋಲೀಸರು ಬಂದು ನೂರಕ್ಕೂ ಹೆಚ್ಚು ಜನರನ್ನು ಬಂಧಿಸಿದರು. ಪಕ್ಕದ ಹುಲ್ಲುಹಾಸಿನ ಮೇಲೆ ಮತ್ತೆ ಡೇರೆಗಳು ಎದ್ದವು. ದೇಶದ ಇತರ ವಿದ್ಯಾಲಯಗಳಲ್ಲಿಯೂ ಎದ್ದವು. ೧೯೬೮ರಲ್ಲಿ ಹಿಡಿದಿದ್ದ ಹ್ಯಾಮಿಲ್ಟನ್ ಭವನವನ್ನೇ ವಿದ್ಯಾರ್ಥಿಗಳು ಮತ್ತೆ ಹಿಡಿದರು. ಏಪ್ರಿಲ್ ೩೦ರ ರಾತ್ರಿ ಪೋಲೀಸರು ಮತ್ತೆ ನುಗ್ಗಿದರು. ಆಗಸ್ಟಿನಲ್ಲಿ ಅಧ್ಯಕ್ಷೆಯು ರಾಜೀನಾಮೆ ಕೊಟ್ಟರು. ಭವನವೂ ಅದೇ, ತಿಂಗಳೂ ಅದೇ, ಫಲವೂ ಅದೇ.

ಆದರೆ ಅದೇ ಏಪ್ರಿಲ್ ೩೦ರಂದು ಬ್ರೌನ್ ವಿಶ್ವವಿದ್ಯಾನಿಲಯದಲ್ಲಿ ಬೇರೊಂದು ಸಂಗತಿ ನಡೆಯಿತು. ಕೆಲವೇ ತಿಂಗಳ ಹಿಂದೆ, ೨೦೨೩ರ ಕೊನೆಯಲ್ಲಿ, ತನ್ನ ವಿದ್ಯಾರ್ಥಿಗಳನ್ನು ಬಂಧನಕ್ಕೆ ಒಪ್ಪಿಸಿದ್ದ ವಿದ್ಯಾಲಯವೇ ಅದು. ಈ ಬಾರಿ ಅಧಿಕಾರಿಗಳು ವಿದ್ಯಾರ್ಥಿಗಳೊಡನೆ ಕುಳಿತು ಮಾತನಾಡಿದರು. ಯುದ್ಧಕ್ಕೆ ಸಂಬಂಧಪಟ್ಟ ಉದ್ಯಮಗಳಿಂದ ವಿದ್ಯಾಲಯದ ಹಣವನ್ನು ಹಿಂತೆಗೆಯಬೇಕೆಂಬ ಬೇಡಿಕೆಯನ್ನು ಆಡಳಿತ ಮಂಡಲಿಯ ಮತಕ್ಕೆ ಹಾಕುವುದಾಗಿ ಮಾತು ಕೊಟ್ಟರು. ವಿದ್ಯಾರ್ಥಿಗಳು ಡೇರೆಗಳನ್ನು ತಾವೇ ಕಿತ್ತರು. ಅಕ್ಟೋಬರಿನಲ್ಲಿ ಮಂಡಲಿಯು ಆ ಬೇಡಿಕೆಯನ್ನು ತಳ್ಳಿಹಾಕಿತು. ವಿದ್ಯಾರ್ಥಿಗಳು ಕೇಳಿದ್ದು ದೊರೆಯಲಿಲ್ಲ. ಆದರೂ ಆ ವಸಂತದಲ್ಲಿ ಆ ಡೇರೆಗಳನ್ನು ಕೀಳಿಸುವುದಕ್ಕೆ ಲಾಠಿಯು ಬೇಕಾಗಲಿಲ್ಲ. ಕೇಳಿದ್ದನ್ನೆಲ್ಲ ಕೊಡಬೇಕೆಂದು ನಾವು ಅಧಿಕಾರಿಗಳಿಗೆ ಹೇಳುತ್ತಿಲ್ಲ. ಕೇಳಿದ್ದನ್ನು ಕೇಳಿಸಿಕೊಳ್ಳಬೇಕೆಂದು ಮಾತ್ರ ಹೇಳುತ್ತಿದ್ದೇವೆ.

ಅಧಿಕಾರಿಗಳ ಪಕ್ಷದ ವಾದವನ್ನೂ ನ್ಯಾಯವಾಗಿ ನೋಡಬೇಕು. ಕೂಗುವವನಿಗೆ ಕೂಗುವ ಹಕ್ಕಿದ್ದರೆ, ಓದುವವನಿಗೆ ಓದುವ ಹಕ್ಕಿಲ್ಲವೇ? ನೂರು ಜನರ ಮುಷ್ಕರದಿಂದ ಸಾವಿರ ಜನರ ಪರೀಕ್ಷೆಯು ಏಕೆ ನಿಲ್ಲಬೇಕು? ಯುದ್ಧವಿರೋಧದ ಹೆಸರಿನಲ್ಲಿ ಒಂದು ಮತದವರನ್ನೋ ಒಂದು ದೇಶದವರನ್ನೋ ಹೀಯಾಳಿಸಿದರೆ, ಆ ಸಮುದಾಯದ ವಿದ್ಯಾರ್ಥಿಗೆ ರಕ್ಷಣೆ ಕೊಡತಕ್ಕವರು ಯಾರು? ಕಲ್ಲು ತೂರಿದವನನ್ನೂ ಕಡತಕ್ಕೆ ಬೆಂಕಿಯಿಟ್ಟವನನ್ನೂ ಮಕ್ಕಳೆಂದು ಕ್ಷಮಿಸುತ್ತ ಹೋದರೆ ವಿದ್ಯಾಲಯವು ಉಳಿಯುವುದೇ? ಇವು ಪೊಳ್ಳು ಮಾತುಗಳಲ್ಲ. ಶಿಸ್ತಿಲ್ಲದ ಕಡೆ ವಿದ್ಯೆಯೂ ಇಲ್ಲವೆಂಬುದನ್ನು ಉಪಾಧ್ಯಾಯರಿಗೆ ನಾವು ಹೇಳಿಕೊಡಬೇಕಾಗಿಲ್ಲ. ಸತ್ಯಾಗ್ರಹಿಯ ಮೊದಲ ಲಕ್ಷಣವೇ ತನ್ನ ನಡೆಯ ಫಲವನ್ನು ತಾನೇ ಹೊರುವುದು. ನಿಯಮವನ್ನು ಮುರಿದು, ಬಳಿಕ ಶಿಕ್ಷೆಗೆ ಅಡಗಿ ಕೂರುವವನು ಸತ್ಯಾಗ್ರಹಿಯಲ್ಲ.

ಆದರೆ ಶಿಸ್ತಿಗೂ ಹೆದರಿಕೆಗೂ ಭೇದವುಂಟು. ಅಮೇರಿಕಾದ ನಾಟರ್‌ಡೇಮ್ ವಿಶ್ವವಿದ್ಯಾನಿಲಯದ ಅಧ್ಯಕ್ಷರಾಗಿದ್ದ ಪಾದ್ರಿ ಥಿಯೋಡೋರ್ ಹೆಸ್ಬರ್ಗರು ಶಿಸ್ತಿನಲ್ಲಿ ಬಹಳ ಬಿಗಿ. ಇತರರ ಕೆಲಸಕ್ಕೆ ಬಲಾತ್ಕಾರದಿಂದ ಅಡ್ಡಿಮಾಡಿದವರಿಗೆ ಯೋಚಿಸಿಕೊಳ್ಳಲು ೧೫ ನಿಮಿಷ, ಆಮೇಲೂ ನಿಲ್ಲಿಸದಿದ್ದರೆ ಶಿಕ್ಷೆ ಎಂದು ೧೯೬೯ನೆಯ ಫೆಬ್ರವರಿಯಲ್ಲಿ ಮೊದಲೇ ಬರೆದು ತಿಳಿಸಿದರು. ಈ ಬಿಗಿಯನ್ನು ಮೆಚ್ಚಿದ ಸರಕಾರವು, ದೇಶದ ಕಾಲೇಜುಗಳಿಗೆಲ್ಲ ಅಂಥ ಕಾನೂನನ್ನು ಮಾಡುವ ಯೋಚನೆಯಲ್ಲಿ ಅವರ ಅಭಿಪ್ರಾಯವನ್ನು ಕೇಳಿತು. ಹೆಸ್ಬರ್ಗರು ಅದನ್ನು ಒಪ್ಪಲಿಲ್ಲ. ಮನೆಯ ಶಿಸ್ತನ್ನು ಮನೆಯವರೇ ನೋಡಿಕೊಳ್ಳುತ್ತೇವೆ, ಸರಕಾರವು ಒಳಗೆ ಬರುವುದು ಬೇಡವೆಂದರು. ಬಿಗಿಯಾದ ಹೆಸ್ಬರ್ಗರೂ ಮೃದುವಾದ ರಾಧಾಕೃಷ್ಣನ್ನರೂ ಹೊಸ್ತಿಲನ್ನು ಕಾಯುವ ವಿಷಯದಲ್ಲಿ ಒಂದೇ.

ಇಷ್ಟು ಹೊತ್ತು ಪರರ ತಪ್ಪನ್ನು ಎಣಿಸಿದೆವು. ನಮ್ಮ ತಪ್ಪನ್ನು ಹೇಳದೆ ಕುಳಿತರೆ ಈ ಭಾಷಣಕ್ಕೆ ಬೆಲೆಯಿಲ್ಲ. ನಾವು ಪ್ರೌಢಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದ ಕಾಲ. ೨೦೦೩ನೆಯ ಮಾರ್ಚಿನಲ್ಲಿ ಇರಾಕಿನ ಮೇಲೆ ಯುದ್ಧ ಆರಂಭವಾಯಿತು. ಮರುವಾರ ಒಬ್ಬ ಹುಡುಗ ತೋಳಿಗೆ ಕಪ್ಪು ಬಟ್ಟೆಯ ಚೂರನ್ನು ಕಟ್ಟಿಕೊಂಡು ತರಗತಿಗೆ ಬಂದ. ಅವನು ಕೂಗಲಿಲ್ಲ, ಯಾರನ್ನೂ ತಡೆಯಲಿಲ್ಲ. ‘ಏನೋ ಇದು?’ ಎಂದು ಗದರಿದೆವು. ‘ಅಲ್ಲಿ ಮಕ್ಕಳು ಸಾಯ್ತಾ ಇದಾರಂತೆ ಸಾರ್’ ಎಂದ. ನಾವು ಆ ಬಟ್ಟೆಯನ್ನು ಕಿತ್ತು ಕಿಟಕಿಯಿಂದ ಹೊರಗೆ ಎಸೆದೆವು. ನಾಳೆ ಅಪ್ಪನನ್ನು ಕರೆದುಕೊಂಡು ಬಾ ಎಂದೆವು. ಮರುದಿನ ಅವನ ತಂದೆ ಕೂಲಿಯನ್ನು ಬಿಟ್ಟು ಬಂದು, ಬಾಗಿಲ ಹೊರಗೆ ಚಪ್ಪಲಿಯನ್ನು ಬಿಟ್ಟು, ಕೈಮುಗಿದು ನಿಂತರು. ‘ಬುದ್ಧಿ, ಏನು ತಪ್ಪು ಮಾಡಿದಾನೋ ಕಾಣೆ, ಈ ಸಲ ಹೊಟ್ಟೆಗೆ ಹಾಕ್ಕೊಳ್ಳಿ’ ಎಂದರು. ಆ ತಪ್ಪು ಏನೆಂಬುದನ್ನು ಹೇಳಲು ನಮಗೇ ಮಾತು ಹೊರಡಲಿಲ್ಲ. ಆ ಹುಡುಗ ಅದುವರೆಗೆ ತರಗತಿಯಲ್ಲಿ ಎಲ್ಲರಿಗಿಂತ ಹೆಚ್ಚು ಪ್ರಶ್ನೆ ಕೇಳುತ್ತಿದ್ದವನು. ಆಮೇಲೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಶಾಲೆಯಲ್ಲಿ ಶಾಂತಿಯು ನೆಲೆಸಿತೆಂದು ಮುಖ್ಯೋಪಾಧ್ಯಾಯರು ನಮ್ಮನ್ನು ಹೊಗಳಿದರು.

ಬಹಳ ವರುಷಗಳಾದ ಮೇಲೆ ನಾವು ಒಂದು ಸಂಗತಿಯನ್ನು ಓದಿದೆವು. ೧೯೬೫ನೆಯ ಡಿಸೆಂಬ್ಬರಿನಲ್ಲಿ ಅಮೇರಿಕಾದ ಡೆಮಾಯ್ನ್ ಊರಿನ ಕೆಲವು ಶಾಲಾಮಕ್ಕಳು ವಿಯೆಟ್ನಾಮಿನಲ್ಲಿ ಸತ್ತವರಿಗಾಗಿ ದುಃಖಿಸಿ ಇಂಥದೇ ಕಪ್ಪುಪಟ್ಟಿಯನ್ನು ಕಟ್ಟಿಕೊಳ್ಳುವರೆಂಬ ಸುದ್ದಿ ತಿಳಿದೊಡನೆ ಮುಖ್ಯೋಪಾಧ್ಯಾಯರು ಸಭೆ ಸೇರಿ ಅದನ್ನು ನಿಷೇಧಿಸಿದರು. ಕಟ್ಟಿಕೊಂಡು ಬಂದ ೫ ಮಕ್ಕಳನ್ನು ಶಾಲೆಯಿಂದ ಹೊರಗಿಟ್ಟರು. ಅವರಲ್ಲಿ ಮೇರಿ ಬೆತ್ ಟಿಂಕರ್ ಎಂಬಾಕೆಗೆ ೧೩ ವರುಷ. ೧೯೬೯ನೆಯ ಫೆಬ್ರವರಿ ೨೪ರಂದು ಆ ದೇಶದ ಸರ್ವೋಚ್ಚ ನ್ಯಾಯಾಲಯವು ೭ಕ್ಕೆ ೨ ಮತಗಳಿಂದ ಮಕ್ಕಳ ಪರವಾಗಿ ತೀರ್ಪನ್ನಿತ್ತಿತು. ಪಾಠಕ್ಕೆ ನಿಜವಾದ ಅಡ್ಡಿಯಾಗುವುದಾದರೆ ತಡೆಯಬಹುದು. ಬರಿಯ ಅಳುಕಿನಿಂದ ತಡೆಯಬಾರದೆಂಬುದು ಆ ತೀರ್ಪಿನ ತಿರುಳು. ಓದಿ ಮುಗಿಸಿದಾಗ ನಮ್ಮ ಕಣ್ಣ ಮುಂದೆ ಬಂದದ್ದು ಆ ನ್ಯಾಯಾಲಯವಲ್ಲ, ಬಾಗಿಲ ಹೊರಗೆ ಬಿಟ್ಟಿದ್ದ ಆ ಚಪ್ಪಲಿಗಳು.

ನಮ್ಮ ನೆರೆಯ ಮೈಸೂರಿಗೆ ಬರೋಣ. ೨೦೨೦ನೆಯ ಜನವರಿ ೮ರಂದು ಮಾನಸಗಂಗೋತ್ರಿಯಲ್ಲಿ ವಿದ್ಯಾರ್ಥಿಗಳ ಒಂದು ಪ್ರತಿಭಟನೆ ನಡೆಯಿತು. ಅದು ಯುದ್ಧದ ವಿಷಯವಲ್ಲ. ದೆಹಲಿಯ ವಿಶ್ವವಿದ್ಯಾನಿಲಯವೊಂದರಲ್ಲಿ ನಡೆದ ಹಲ್ಲೆಯನ್ನು ಖಂಡಿಸುವುದಕ್ಕಾಗಿ ಕೂಡಿದ್ದು. ಅಲ್ಲಿ ಕಾಶ್ಮೀರದ ವಿಷಯವಾಗಿ ಒಬ್ಬ ತರುಣಿಯು ಹಿಡಿದ ಒಂದು ಫಲಕಕ್ಕಾಗಿ ರಾಜದ್ರೋಹದ ಪ್ರಕರಣವು ದಾಖಲಾಯಿತು. ಮೈಸೂರಿನ ವಕೀಲರ ಸಂಘವು ಆಕೆಯ ಪರವಾಗಿ ಯಾರೂ ವಾದಿಸಬಾರದೆಂದು ನಿರ್ಣಯಿಸಿತು. ಹೊರಗಿನ ಊರುಗಳ ವಕೀಲರು ಬಂದರು. ನ್ಯಾಯಾಲಯವು ನಿರೀಕ್ಷಣಾ ಜಾಮೀನನ್ನು ಕೊಟ್ಟಿತು. ಆ ಫಲಕದ ಮಾತನ್ನು ತಮ್ಮಲ್ಲಿ ಬಹಳ ಜನರು ಒಪ್ಪಲಾರಿರಿ. ಒಪ್ಪದಿರುವುದು ತಮ್ಮ ಹಕ್ಕು. ಆದರೆ ಒಪ್ಪದ ಮಾತಿಗೆ ಎದುರು ಮಾತನ್ನು ಹೇಳಿಕೊಡುವುದಕ್ಕಾಗಿಯೇ ಅಲ್ಲವೇ ವಿದ್ಯಾಲಯಗಳನ್ನು ಕಟ್ಟಿದ್ದು? ಫಲಕದಿಂದ ನೇರವಾಗಿ ಪೋಲೀಸು ಠಾಣೆಗೆ ದಾರಿಯಾದರೆ, ನಡುವೆ ಇರುವ ಅಷ್ಟೊಂದು ತರಗತಿಗಳು ಯಾವ ಕೆಲಸಕ್ಕೆ?

ಹಾಗಾದರೆ ಮಾಡತಕ್ಕದ್ದೇನು? ನಮಗೆ ತೋರಿದ್ದನ್ನು ವಿನಯದಿಂದ ಮುಂದಿಡುತ್ತೇವೆ. ಮೊದಲನೆಯದಾಗಿ, ನಿಯಮವನ್ನು ಗಲಭೆಗೆ ಮೊದಲೇ ಬರೆದು ಎಲ್ಲರಿಗೂ ತಿಳಿಸಿರಬೇಕು. ಒಂದು ಮಾತನ್ನು ಅಡಗಿಸುವುದಕ್ಕಾಗಿಯೇ ರಾತ್ರೋರಾತ್ರಿ ಹುಟ್ಟಿದ ನಿಯಮವು ನಿಯಮವಲ್ಲ. ಎರಡನೆಯದಾಗಿ, ಯಾರ ಪಾಠವೂ ನಿಲ್ಲದಂತೆ, ಯಾರ ಮೈಗೂ ಮಾನಕ್ಕೂ ಪೆಟ್ಟಾಗದಂತೆ ಸಭೆ ಸೇರುವುದಕ್ಕೆ ವಿದ್ಯಾಲಯವೇ ಒಂದು ಸ್ಥಳವನ್ನೂ ಹೊತ್ತನ್ನೂ ಗೊತ್ತುಮಾಡಿ ಕೊಡಬೇಕು. ಮೂರನೆಯದಾಗಿ, ಮೊದಲ ದಿನವೇ ಯಜಮಾನನು ಅಂಗಳಕ್ಕೆ ಬರಬೇಕು; ಗುಮಾಸ್ತನ ಕೈಯಲ್ಲಿ ನೋಟೀಸನ್ನು ಕಳುಹಿಸಿದರೆ ಸಾಲದು. ನಾಲ್ಕನೆಯದಾಗಿ, ಪ್ರಾಣಕ್ಕೆ ಅಪಾಯವಿಲ್ಲದ ಹೊರತು ಪೋಲೀಸರನ್ನು ಒಳಗೆ ಕರೆಯಬಾರದು. ಐದನೆಯದಾಗಿ, ಶಿಕ್ಷೆಯನ್ನು ಕೊಡಲೇಬೇಕಾದರೆ ವಿಚಾರಿಸಿ ಕೊಡಬೇಕು, ತಪ್ಪಿನ ಅಳತೆಗೆ ತಕ್ಕಷ್ಟೇ ಕೊಡಬೇಕು, ಮರಳಿ ಬರುವ ಬಾಗಿಲನ್ನು ತೆರೆದಿಡಬೇಕು. ನರಸಿಂಹಯ್ಯನವರು ಮರಳಿ ಬಂದದ್ದು ಆ ಬಾಗಿಲಿನಿಂದಲೇ.

ಇಷ್ಟು ಸ್ವಾತಂತ್ರ್ಯವನ್ನು ಕೊಟ್ಟರೆ ದೇಶದ ಬಲವು ಕುಗ್ಗುವುದೆಂಬ ಭಯವು ಕೆಲವರಿಗೆ ಇರಬಹುದು. ೧೯೩೩ನೆಯ ಫೆಬ್ರವರಿ ೯ರಂದು ಇಂಗ್ಲೆಂಡಿನ ಆಕ್ಸ್‌ಫರ್ಡಿನ ವಿದ್ಯಾರ್ಥಿಗಳ ಚರ್ಚಾಕೂಟವು, ರಾಜನಿಗಾಗಲಿ ದೇಶಕ್ಕಾಗಲಿ ತಾವು ಯುದ್ಧ ಮಾಡುವುದಿಲ್ಲವೆಂದು ೨೭೫ಕ್ಕೆ ೧೫೩ ಮತಗಳಿಂದ ನಿರ್ಣಯಿಸಿತು. ಪತ್ರಿಕೆಗಳು ಹೌಹಾರಿದವು. ಚರ್ಚಾಕೂಟವು ಮಾತ್ರ ನಡೆಯುತ್ತಲೇ ಹೋಯಿತು. ಆರು ವರುಷಗಳ ಮೇಲೆ ನಿಜವಾದ ಸಂಕಟವು ಬಂದಾಗ ಅದೇ ಪೀಳಿಗೆಯ ತರುಣರು ಸೈನ್ಯವನ್ನು ಸೇರಿದರು. ಯುದ್ಧವನ್ನು ಪ್ರಶ್ನಿಸಲು ಕಲಿತವನು ದೇಶವನ್ನು ಬಿಟ್ಟುಕೊಡುವನೆಂಬುದು ಅನುಭವಕ್ಕೆ ವಿರುದ್ಧವಾದ ಮಾತು.

ಉಪಾಧ್ಯಾಯ ಬಂಧುಗಳೇ, ವೈಸ್ ಛಾನ್ಸಲರರು ನಮ್ಮ ಮಾತನ್ನು ಕೇಳುವರೋ ಬಿಡುವರೋ ತಿಳಿಯದು. ಆದರೆ ನಾಳೆ ಬೆಳಗ್ಗೆ ತಮ್ಮ ತರಗತಿಗೆ ತೋಳಿಗೆ ಒಂದು ಬಟ್ಟೆಯ ಚೂರನ್ನು ಕಟ್ಟಿಕೊಂಡು ಒಬ್ಬ ಹುಡುಗ ಬರಬಹುದು. ಆಗ ಅದನ್ನು ಕೀಳುವ ಮೊದಲು ‘ಏಕೆ ಕಟ್ಟಿಕೊಂಡೆ, ಮಗು?’ ಎಂದು ಕೇಳಿ, ಅವನ ಉತ್ತರವನ್ನು ಪೂರ್ತಿಯಾಗಿ ಕೇಳಿಸಿಕೊಳ್ಳಿ. ಅವನು ತಪ್ಪಿದ್ದರೆ ತಿದ್ದಿರಿ. ತಿಳಿಯದಿದ್ದರೆ ಭೂಪಟವನ್ನು ಬಿಡಿಸಿ ತೋರಿಸಿರಿ. ಅವನ ಮಾತು ನಿಜವಾಗಿದ್ದರೆ ಅವನೊಡನೆ ಒಂದು ಗಳಿಗೆ ಸುಮ್ಮನೆ ನಿಲ್ಲಿರಿ. ತಂದೆತಾಯಿಗಳೇ, ಆ ಹುಡುಗನಿಗಾಗಿ ತಾವು ಯಾರ ಬಾಗಿಲಲ್ಲಿಯೂ ಕೈಮುಗಿದು ನಿಲ್ಲುವ ದಿನ ಬಾರದಿರಲಿ. ನಾವು ಒಬ್ಬ ಹುಡುಗನ ಪ್ರಶ್ನೆಯನ್ನು ಕಳೆದವರು. ತಾವು ಯಾರೂ ಕಳೆಯದಿರಲೆಂದು ಬೇಡಿಕೊಳ್ಳುತ್ತೇವೆ.